ಮಾವನ ನಾಲ್ಕು ಪ್ಲೇಟಿನ ಸಂಗೀತ

ಬೀದರ ಸೀಮೆಯಲ್ಲಿ ಇಂಗ್ಲಿಷ್ ಸಂಗೀತವನ್ನು ಒಬ್ಬರೂ ಕೇಳದ ಹಾಗೆ ನೋಡಿಕೊಂಡ ಕೀರ್ತಿ ಪೂರ್ತಿಯಾಗಿ ನಮ್ಮ ಸೋದರಮಾವನಿಗೇ ಸಲ್ಲಬೇಕು. ಬೇರೆ ಊರುಗಳ ಜನ ಅದನ್ನು ಕೇಳದೇ ಹೋದದ್ದು ಗೊತ್ತಿಲ್ಲದೆ. ನಮ್ಮವರು ಹಾಗಲ್ಲ, ಕ್ರಮವಾಗಿ ಪಾಠ ಹೇಳಿಸಿಕೊಂಡು, ಚೆನ್ನಾಗಿ ತಿಳಿದುಕೊಂಡು, ಆಮೇಲೆ ಬಿಟ್ಟರು!

ಮಾವ ಮಿಷನ್ ಶಾಲೆಯಲ್ಲಿ ಮಾಸ್ತರರು. ಆಗಿನ್ನೂ ನಮ್ಮದು ನಿಜಾಮರ ರಾಜ್ಯ. ನಾನೂ ಅದೇ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸುತ್ತ ಬೀದರದ ಪಕ್ಕದ ಚಿದ್ರಿಯಲ್ಲಿ ಮಾವನ ಮನೆಯಲ್ಲೇ ಇದ್ದೆ. ಇನ್ನೊಬ್ಬರ ತಪ್ಪು ತಿದ್ದದಿದ್ದರೆ ಮಾವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಮದುವೆಯ ಕರೆಯೋಲೆ ಬಂದರೆ ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತಕ್ಕೆ ಆರು ಅಂಕ ಕೊಟ್ಟು ವಾಪಸು ಕಳಿಸುವರು. ರವಿವಾರ ಚರ್ಚಿನಲ್ಲಿ ಪಾದ್ರಿಗಳು ಪ್ರಾರ್ಥನೆ ಮಾಡುವಾಗ ಎಲ್ಲರೂ ಕಣ್ಣು ಮುಚ್ಚಿದರೆ ಮಾವ ಒಂದು ಕಣ್ಣು ತೆರೆದಿಟ್ಟು ತಪ್ಪುಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು. "ದೇವರಿಗಿ ಮುಟ್ಟೋ ಮಾತಿನ್ಯಾಗ ತಪ್ಪು ಇರಬಾರದು ನೋಡ್ರಿ" ಎಂದು ಪಾದ್ರಿಗಳನ್ನು ಬಾಗಿಲಲ್ಲೇ ಹಿಡಿದು ಹೇಳುವರು. ಪಾದ್ರಿಗಳು ಹೆದರಿ ಪ್ರಾರ್ಥನೆಯನ್ನು ಅರ್ಧ ಕಡಿಮೆ ಮಾಡಿದರು. ಇದಕ್ಕಾಗಿ ಇಡೀ ಸಭೆ ಮಾವನಿಗೆ ಋಣಿಯಾಗಿತ್ತು.

ಮಿಷನ್ ಆಸ್ಪತ್ರೆಯ ವಯಸ್ಸಾದ ಡಾಕ್ಟರಮ್ಮ ತಮ್ಮ ದೇಶಕ್ಕೆ ಹೊರಡುವಾಗ ಸಾಮಾನು ಹಂಚಿದರು. ಪಾದ್ರಿಗಳಿಗೆ ಕುರ್ಚಿ, ನರ್ಸುಗಳಿಗೆ ಕಂಬಳಿ. ಮಾವನಿಗೆ ಬಂದದ್ದು ಕೀಲಿ ಕೊಟ್ಟು ತಿರುಗಿಸುವ ಗ್ರಾಮೋಫೋನು, ಒಂದು ಪೆಟ್ಟಿಗೆ ಪ್ಲೇಟುಗಳು, ಮತ್ತು ಈ ಸಂಗೀತವನ್ನು ಹೊಸಬರು ಹೇಗೆ ಕೇಳಬೇಕೆಂದು ಹೇಳುವ ಒಂದು ಇಂಗ್ಲಿಷ್ ಪುಸ್ತಕ. ಪೆಟ್ಟಿಗೆ ಎರಡು ಮಳೆಗಾಲ ಉಗ್ರಾಣದಲ್ಲಿತ್ತು. ಮಾವನಿಗಿಂತ ಮೊದಲು ಗೆದ್ದಲು ಅದನ್ನು ಅಭ್ಯಾಸ ಮಾಡಿತ್ತು. ಪುಸ್ತಕದಲ್ಲಿ ಅರ್ಧ ಉಳಿದಿತ್ತು. ಪ್ಲೇಟುಗಳ ಮೇಲೆ ಅಂಟಿಸಿದ್ದ ಕಾಗದದ ಚೀಟಿಗಳಲ್ಲಿ ಒಂದಕ್ಷರವೂ ಉಳಿದಿರಲಿಲ್ಲ.

ಅದರಲ್ಲಿ ಒಂದು ಪ್ಲೇಟು ನಾಲ್ಕೇ ಜನ ಪಿಟೀಲು ನುಡಿಸುವಂಥದು. "ಇದು ನಾಲ್ಕು ಮಂದಿ ಕಟ್ಟಿ ಮ್ಯಾಲ ಕುಂತು ಮಾತಾಡಿದ್ಹಂಗ" ಎಂದು ಮಾವ ಅತ್ತೆಗೆ ಪಾಠ ಶುರು ಮಾಡಿದರು. ಅತ್ತೆ ಒಂದು ನಿಮಿಷ ಕೇಳಿ, "ನಾಕೂ ಮಂದಿ ಒಮ್ಮೆಲೆ ಮಾತಾಡ್ಲಿಕತ್ಯಾರಲ್ರಿ, ಕೇಳೋರು ಯಾರು?" ಎಂದರು. ಮಾವ ಪುಸ್ತಕ ತೆರೆದು ಹುಡುಕಿದರು. ಆ ಪುಟ ಗೆದ್ದಲಿನ ಹೊಟ್ಟೆಯಲ್ಲಿತ್ತು.

ಉಳಿದ ನಾಲ್ಕು ಪ್ಲೇಟು ಸೇರಿ ಒಂದೇ ಸಂಗೀತ. ಅದರ ಹೆಸರು ಸಿಂಫನಿ. ಐವತ್ತು ಅರವತ್ತು ಜನ ಕೂಡಿ ಅರ್ಧ ತಾಸು ನುಡಿಸುವುದು. ಪ್ಲೇಟಿನ ಒಂದು ಮಗ್ಗುಲಿಗೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಸದ ಕಾಲ ಅದು. ಹಾಗಾಗಿ ನಾಲ್ಕು ಪ್ಲೇಟು, ಎಂಟು ಮಗ್ಗುಲು. ಪೆಟ್ಟಿಗೆಯಲ್ಲಿ ಡಾಕ್ಟರಮ್ಮ ಜೋಡಿಸಿಟ್ಟ ಸಾಲೇ ಕ್ರಮ. ಮಾವ ಅದನ್ನು ಒಬ್ಬರೇ ಕೂತು ಕೇಳಿದರು, ಮತ್ತೆ ಕೇಳಿದರು, ಕಣ್ಣೀರು ಹಾಕಿದರು. ಆಮೇಲೆ ಅವರಿಗೊಂದು ಹುಚ್ಚು ಹತ್ತಿತು. ಎಂಟೂ ಮಗ್ಗುಲನ್ನು ಕೊನೆಯತನಕ ತಮ್ಮ ಪಕ್ಕ ಕೂತು ಕೇಳುವ ಒಬ್ಬ ಮನುಷ್ಯ ಬೇಕು. ಒಬ್ಬನೇ ಸಾಕು! ನಾನು ಎಂಟೂ ಕೇಳುತ್ತಿದ್ದೆನಲ್ಲ ಎನ್ನುತ್ತೀರಾ? ನನ್ನನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಕೀಲಿ ತಿರುಗಿಸುವವಳು ಕೇಳುವವಳಾಗುವುದಿಲ್ಲವಂತೆ. ನನ್ನ ಬಲರಟ್ಟೆ ಇವತ್ತಿಗೂ ಎಡರಟ್ಟೆಗಿಂತ ದಪ್ಪ.

ಮೊದಲ ಮಗ್ಗುಲು ಗಂಭೀರವಾಗಿ ಏಳುತ್ತಿತ್ತು. ಅದು ಮುಗಿದೊಡನೆ ಮಾವ ಪ್ಲೇಟು ಮಗುಚಿ ಹಾಕುವರು. ಎರಡನೇ ಮಗ್ಗುಲಿನಲ್ಲಿ ಅರವತ್ತೂ ಜನ ಮೈಮೇಲೆ ದೇವರು ಬಂದವರಂತೆ ಬಾರಿಸಿ, ಧಡ್ ಧಡ್ ಧಡ್ ಎಂದು ನಿಲ್ಲಿಸುವರು. ಕೇಳಿದವರು ಯಾರೇ ಆಗಲಿ ಅಲ್ಲಿಗೆ ಏಳುತ್ತಿದ್ದರು.

"ಮುಗೀತಲ್ರಿ!" ಎಂದು ಅತ್ತೆ ಸೆರಗು ಕೊಡವಿ ಎದ್ದರು.

"ಕುಂಡ್ರು! ಅಜ್ಞಾನಿಗಳು ಇಲ್ಲೇ ಏಳ್ತಾರ. ಇದು ಪರೀಕ್ಷಾ. ಸುಳ್ಳ ಸುಳ್ಳ ಮುಗಿಸಿ, ಯಾರು ಕುಂಡ್ರತಾರ, ಯಾರು ಓಡತಾರ ಅಂತ ನೋಡ್ತಾರವರು."

"ಅರವತ್ತು ಮಂದಿ ಕೂಡಿ ಮುಗೀತು ಅಂದ್ರೂ ನೀವೊಬ್ರು ಇಲ್ಲ ಅಂತೀರಿ" ಎಂದು ಅತ್ತೆ ಒಲೆಯ ಕಡೆ ಹೋದರು.

ಮಾವ ಮಾತ್ರ ಇದರ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದ್ದರು. ನಮ್ಮ ಸಂಗೀತ ಮೆಲ್ಲಗೆ ಶುರುವಾಗಿ ಜೋರಾಗಿ ಮುಗಿಯುತ್ತದೆ. ಅವರದು ಹಾಗಲ್ಲ. ಮೊದಲೇ ಆರ್ಭಟಿಸಿ, ನಡುವೆ ಒಮ್ಮೆ ಅತ್ತು ಒಮ್ಮೆ ಕುಣಿದು, ಎಂಟನೇ ಮಗ್ಗುಲಿನಲ್ಲಿ ಮೆಲ್ಲಗೆ ಕಣ್ಣೊರೆಸಿಕೊಂಡು, ಯಾರಿಗೂ ಹೇಳದೆ ಎದ್ದು ಹೋಗುತ್ತದೆ. "ಬದುಕು ಹಂಗೇ ಅಲ್ಲೇನು?" ಎಂದು ಮಾವ ಕೇಳುತ್ತಿದ್ದರು. ಹೌದೆಂದು ತಲೆ ಆಡಿಸುವಷ್ಟರಲ್ಲಿ ಕೀಲಿ ಸಡಿಲಾಗಿ ಅರವತ್ತು ಜನವೂ ತೂಕಡಿಸತೊಡಗುವರು, ನಾನು ಓಡುತ್ತಿದ್ದೆ.

ಅಷ್ಟೂರಿನ ಗುಂಬಜುಗಳ ಸುತ್ತ ಕುರಿ ಮೇಯಿಸುವ ಒಬ್ಬ ಮುದುಕನನ್ನು ಮಾವ ಶಿಷ್ಯನಾಗಿ ಹಿಡಿದು ತಂದರು. ಪುಸ್ತಕದಲ್ಲಿ ಉಳಿದಿದ್ದ ಒಂದು ಚಿತ್ರದಲ್ಲಿ ವಾದ್ಯಗಾರರ ಮುಂದೆ ಒಬ್ಬ ಕೋಲು ಹಿಡಿದು ನಿಂತಿದ್ದ. ಮುದುಕ ಬಗ್ಗಿ ಬಗ್ಗಿ ನೋಡಿ, "ಮಾಸ್ತರ್ರ, ಇವಾ ಏನೂ ಬಾರ್ಸಲ್ಲ, ಬರೇ ಕೋಲು ಬೀಸ್ತಾನ. ನಾನೂ ಅದೇ ಮಾಡ್ತೇನ್ರಿ. ಆದ್ರ ನಾ ಹಿಂದ ಇರ್ತೇನಿ. ಇವಾ ಮುಂದ ನಿಂತಾನ, ಹಿಂದಿನವು ತಪ್ಪಿಸ್ಕೊಂಡ್ರ ಹ್ಯಾಂಗ್ರಿ?" ಎಂದ. ಇಷ್ಟು ಬುದ್ಧಿವಂತ ಪ್ರಶ್ನೆಯನ್ನು ಶಾಲೆಯಲ್ಲಿ ಯಾರೂ ಕೇಳಿರಲಿಲ್ಲ. ಮಾವ ಹಿಗ್ಗಿ ಹೀರೇಕಾಯಿಯಾಗಿ ಪ್ಲೇಟು ಹಚ್ಚಿದರು. ಮೂರನೇ ಮಗ್ಗುಲಿಗೆ ಶಿಷ್ಯ ಗೊರಕೆ ಹೊಡೆದ. ಅವನ ಕುರಿಗಳು ಅತ್ತೆಯ ಮೆಂತ್ಯದ ಮಡಿ ತಿಂದವು.

ಭಾಲ್ಕಿಯಲ್ಲಿ ಮಾವನ ಗೆಳೆಯರ ಮಗನ ಮದುವೆ. ಬಾಜಾದವರು ಬರಲಿಲ್ಲ. "ಮಾಸ್ತರ್ರ, ನಿಮ್ಮ ಪೆಟಗಿ ಹಚ್ಚರಿ, ಮರ್ಯಾದಿ ಉಳಸ್ರಿ" ಎಂದರು. ಮಾವನಿಗೆ ಬೇಕಾದದ್ದು ಅದೇ! ಮುನ್ನೂರು ಜನ, ಯಾರೂ ಎದ್ದು ಹೋಗುವ ಹಾಗಿಲ್ಲ, ಊಟ ಇನ್ನೂ ಆಗಿಲ್ಲ. ಮೊದಲ ಮಗ್ಗುಲು ಸುಖವಾಗಿ ಮುಗಿಯಿತು. ಎರಡನೆಯದರಲ್ಲಿ ಆ ಧಡ್ ಧಡ್ ಶುರುವಾಯಿತು ನೋಡಿ, ವಾದ್ಯ ಇಷ್ಟು ಜೋರಾಯಿತೆಂದರೆ ತಾಳಿ ಕಟ್ಟುವ ಹೊತ್ತೇ ಬಂತೆಂದು ಮುನ್ನೂರು ಜನವೂ ಎದ್ದು ಅಕ್ಕಿಕಾಳು ಎರಚಿಬಿಟ್ಟರು! ಮದುಮಗಳು ಇನ್ನೂ ಒಳಗೆ ಬಳೆ ತೊಡುತ್ತಿದ್ದಳು. ಅಕ್ಕಿಯೆಲ್ಲ ಬಿದ್ದದ್ದು ಮದುಮಗನ ಮೇಲೆ, ಮತ್ತು ಅವನ ಪಕ್ಕದಲ್ಲಿ ಮೀಸೆ ತಿದ್ದುತ್ತ ನಿಂತಿದ್ದ ಕ್ಷೌರಿಕನ ಮೇಲೆ. ಆಮೇಲೆ ನಿಜವಾದ ಮುಹೂರ್ತಕ್ಕೆ ಅಕ್ಕಿ ಸಾಲದೆ ಜೋಳ ಎರಚಿದರು.

ಔರಾದಿನ ಕಥೆ ಇನ್ನೂ ಚೆನ್ನ. ಅಲ್ಲಿ ಅತ್ತೆಯ ತವರಿನ ಹಿರಿಯರೊಬ್ಬರಿದ್ದರು, ಎಂಬತ್ತರ ಗಟ್ಟಿ ಮುದುಕರು. ಅವರ ಅಂಗಳದಲ್ಲಿ ಪಾಠ. ಮಾವನ ಮೊದಲ ನಿಯಮ ಏನೆಂದರೆ ವಾಹ್‌ವಾ ಅನ್ನಬಾರದು, ತಲೆ ಆಡಿಸಬಾರದು, ತೊಡೆ ತಟ್ಟಬಾರದು, ನೆಲ ನೋಡುತ್ತ ಸುಮ್ಮನೆ ಕೂಡಬೇಕು. ನಮ್ಮ ಕಡೆ ಹತ್ತು ಜನ ಅಂಗಳದಲ್ಲಿ ಹಾಗೆ ಸುಮ್ಮನೆ ಕೂಡುವುದು ಯಾವಾಗ? ನೀವೇ ಹೇಳಿ! ದಾರಿಯಲ್ಲಿ ಹೋಗುತ್ತಿದ್ದವರು ಇಣುಕಿದರು, ತಲೆಯ ಮೇಲಿನ ರುಮಾಲು ತೆಗೆದರು, ಒಬ್ಬೊಬ್ಬರೇ ಬಂದು ಹಿಂದೆ ಕೂತರು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ನಾಲ್ಕನೇ ಮಗ್ಗುಲಿಗೆ ಓಣಿಯವರು ರೊಟ್ಟಿ, ಝುಣಕ ಕಟ್ಟಿಕೊಂಡು ತಂದರು. ಐದನೆಯದರಲ್ಲಿ ಪಿಟೀಲುಗಳು ಅಳತೊಡಗಿದವು. ಒಬ್ಬ ಮುದುಕಿ ತಡೆಯಲಾರದೆ ಎದೆ ಬಡಿದುಕೊಂಡು ಆ ಹಿರಿಯರ ಗುಣಗಳನ್ನು ಹಾಡಿ ಹಾಡಿ ಅಳಲು ಶುರು ಮಾಡಿದಳು. ಎಂಥ ಕೈ, ಎಂಥ ಮನಸ್ಸು, ಹಸಿದು ಬಂದವರನ್ನು ಉಣ್ಣಿಸದೆ ಕಳಿಸಿದ್ದುಂಟೇ!

ಹಿರಿಯರು ಮೊದಲ ಸಾಲಿನಲ್ಲೇ ಕೂತಿದ್ದರು. ಮಾವನ ಕಡೆ ತಿರುಗಿ, "ಮಾಸ್ತರ್ರ, ನಿಮ್ಮ ಪ್ಲೇಟ ಜರಾ ಬಂದ್ ಮಾಡ್ರಿ. ಆಕಿದು ಕೇಳೂಣು" ಎಂದರು.

ಇಷ್ಟೆಲ್ಲ ಆದಮೇಲೆ ಮಾವನಿಗೆ ಸಿಕ್ಕವರು ಗಡಿಯಾರದ ಸಾಹೇಬರು. ಬೀದರದ ಚೌಬಾರಾ ಎಂಬ ಹಳೆಯ ಕಾವಲು ಗೋಪುರದ ಹತ್ತಿರ ಗಡಿಯಾರ ರಿಪೇರಿಯ ಸಣ್ಣ ಅಂಗಡಿ ಅವರದು. ಯುದ್ಧದ ಕಾಲವಾದ್ದರಿಂದ ಗ್ರಾಮೋಫೋನಿನ ಸೂಜಿ ಎಲ್ಲೂ ಸಿಗುತ್ತಿರಲಿಲ್ಲ. ಮಾವ ಕೇಳಲು ಹೋದರೆ ಸಾಹೇಬರು ಎದುರಿನ ಜಾಲಿಗಿಡದಿಂದ ಒಂದು ಮುಳ್ಳು ಮುರಿದು, ಮಸೆದು, ಕೊಟ್ಟರು. ಮುಳ್ಳಿನಲ್ಲಿ ಸಂಗೀತ ಇನ್ನೂ ಮೆತ್ತಗೆ ಬಂತು. ಒಂದು ಮಗ್ಗುಲಿಗೆ ಒಂದು ಮುಳ್ಳು. ಅಂದಿನಿಂದ ಪ್ರತಿ ರವಿವಾರ ಮಧ್ಯಾಹ್ನ ಸಾಹೇಬರು ಬೆಂಕಿಪೆಟ್ಟಿಗೆಯಲ್ಲಿ ಎಂಟು ಮುಳ್ಳು ಹಾಕಿಕೊಂಡು ಚಿದ್ರಿಗೆ ಬರತೊಡಗಿದರು.

ಆದರೆ ಇಬ್ಬರೂ ಜಗಳಗಂಟರು. ಅರ್ಧ ತಾಸಿನ ಸಂಗೀತಕ್ಕೆ ಮೂರು ತಾಸು ಹಿಡಿಯುತ್ತಿತ್ತು.

"ಇದು ನದಿ ಹರೀಲಿಕತ್ತದ, ಸಾಹೇಬ್ರ."

"ನದಿ ಅಲ್ಲ, ಘೋಡಾ. ಕಾಲ ಸಪ್ಪಳ ಕೇಳಂಗಿಲ್ಲೇನು ಮಾಸ್ತರಸಾಬ್?"

"ನದ್ಯಾಗ ಘೋಡಾ ಯಾಕ ಬರ್ತದ?"

"ನೀರು ಕುಡೀಲಿಕ್ಕಿ!"

ಹೀಗೆ ಪ್ರತಿ ಮಗ್ಗುಲಿಗೂ ಚಹಾ, ಪ್ರತಿ ಚಹಾಕ್ಕೂ ಜಗಳ. ಏಳನೇ ಮಗ್ಗುಲು ಮುಗಿಯುವುದಕ್ಕೂ ಹೊತ್ತು ಮುಳುಗಿ ಮಸೀದಿಯಿಂದ ಆಜಾನ್ ಕೇಳುವುದಕ್ಕೂ ಸರಿಹೋಗುತ್ತಿತ್ತು. ಸಾಹೇಬರು ನಮಾಜಿಗೆ ಎದ್ದುಬಿಡುವರು. ಎಂಟನೆಯದನ್ನು ಮುಂದಿನ ವಾರ ಹಚ್ಚಿದರಾಯಿತಲ್ಲ? ಹಾಗಂದರೆ ಮಾವ ಕೇಳುತ್ತಾರೆಯೇ! "ಮೊದಲಿಲ್ದೆ ಕಡೀದು ಇಲ್ಲ. ಮೊದಲಿಂದಲೇ ಹಚ್ಚಬೇಕು" ಎಂದು ಮತ್ತೆ ಮೊದಲಿನಿಂದ. ಮೂರು ವರ್ಷ ಸಾಹೇಬರು ಏಳೇ ಮಗ್ಗುಲು ಕೇಳಿದರು. ಕೊನೆಯದು ಒಂದು ದಿನವೂ ಆಗಲಿಲ್ಲ.

ಆಮೇಲಿನ ದಿನಗಳ ಬಗ್ಗೆ ನಗುತ್ತ ಬರೆಯಲು ನನಗೆ ಬರುವುದಿಲ್ಲ. ರಜಾಕಾರರ ಗದ್ದಲದಲ್ಲಿ ನಮ್ಮ ಓಣಿಗಳು ಹೆದರಿ ಬಾಗಿಲು ಹಾಕಿದವು. ಪೊಲೀಸ್ ಆ್ಯಕ್ಷನ್ ಆಗಿ ಭಾರತದ ದಂಡು ಬಂದಮೇಲೆ ಅದೇ ಹೆದರಿಕೆ ಸಾಹೇಬರ ಓಣಿಗೆ ಹೋಯಿತು. ಹಳ್ಳಿಗಳಿಂದ ಬರುತ್ತಿದ್ದ ಸುದ್ದಿಗಳನ್ನು ಅತ್ತೆ ಅರ್ಧ ಕೇಳಿ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಗ್ರಾಮೋಫೋನಿನ ಸ್ಪ್ರಿಂಗು ಮುರಿದು ಅದು ಆಗ ಸಾಹೇಬರ ಅಂಗಡಿಯಲ್ಲೇ ಇತ್ತು. ಮಾವ ಎರಡು ಸಲ ಹೋಗಿ ನೋಡಿದರು. ಅಂಗಡಿ ಮುಚ್ಚಿತ್ತು.

ಒಂದು ಮುಂಜಾನೆ ಸಾಹೇಬರು ಹಿತ್ತಲ ಬಾಗಿಲಿಗೆ ಬಂದರು. ಗ್ರಾಮೋಫೋನನ್ನು ರಜಾಯಿಯಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡಿದ್ದರು. ರಸ್ತೆಯಲ್ಲಿ ಬಂಡಿ ನಿಂತಿತ್ತು, ಅದರಲ್ಲಿ ಹೆಂಡತಿ ಮಕ್ಕಳು. ಹೈದರಾಬಾದಿಗೆ ಹೊರಟಿದ್ದರು.

"ಸ್ಪ್ರಿಂಗ್ ಹಾಕೀನಿ ಮಾಸ್ತರಸಾಬ್. ಎಣ್ಣೀನೂ ಬಿಟ್ಟೀನಿ."

ಮಾವ ಅವಸರದಲ್ಲಿ ಚಾಪೆ ಹಾಸಿದರು. "ಕುಂಡ್ರಿ ಸಾಹೇಬ್ರ. ನಾಕ ನಿಮಿಷ. ಎಂಟನೇದು ಒಂದರ ಕೇಳಿ ಹೋಗ್ರಿ."

ಮಾವ ತಮ್ಮ ನಿಯಮ ತಾವೇ ಮುರಿದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಸಾಹೇಬರು ನಗಲು ನೋಡಿದರು.

"ಮೊದಲಿಲ್ದೆ ಕಡೀದು ಇಲ್ಲ. ನೀವೇ ಹೇಳೀರಿ. ಬಂದು ಕೇಳ್ತೀನಿ, ಮೊದಲಿಂದ ಕೇಳ್ತೀನಿ."

ಬಂಡಿ ಹೋಯಿತು. ಮಾವ ಆ ರಜಾಯಿಯನ್ನು ಬಿಚ್ಚದೆ ಬಹಳ ದಿನ ಹಾಗೇ ಇಟ್ಟಿದ್ದರು.

ಮತ್ತೆ ಹಚ್ಚಿದ ದಿನವೇ ಎಡವಟ್ಟಾಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಮಿಲಿಟರಿ ಜೀಪೊಂದು ಗಕ್ಕನೆ ನಿಂತು, ಒಬ್ಬ ಅಧಿಕಾರಿ ಒಳಗೆ ಬಂದ. ಮಾವ ತಮ್ಮನ್ನು ಹಿಡಿದೊಯ್ಯುತ್ತಾರೆಂದು ಕೋಟು ಹಾಕಿಕೊಂಡರು. ಆತ ಟೊಪ್ಪಿಗೆ ತೆಗೆದು, ಚಾಪೆಯ ಮೇಲೆ ಕೂತು, ಕಣ್ಣು ಮುಚ್ಚಿದ. ಆಹಾ, ಕೊನೆಗೂ ಒಬ್ಬ ಸಿಕ್ಕ! ಮೊದಲ ಮಗ್ಗುಲು ಮುಗಿಯಿತು, ಮಾವ ಪ್ಲೇಟು ಮಗುಚಿದರು, ಧಡ್ ಧಡ್ ಶುರುವಾಯಿತು. ಆತ ಕಣ್ಣು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

ಆತ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿದ್ದರ ಸಾರ ಇಷ್ಟು. ದೊಡ್ಡವರ ಮನೆಗಳಲ್ಲಿ ಒಂದು ಯಂತ್ರ ಇರುತ್ತದೆ. ಅದರಲ್ಲಿ ಪ್ಲೇಟುಗಳನ್ನು ಒಟ್ಟಿ ಇಟ್ಟರೆ ಒಂದಾದ ಮೇಲೊಂದು ತಾವೇ ಬೀಳುತ್ತವೆ. ನಾಲ್ಕರದೂ ಮೇಲಿನ ಮಗ್ಗುಲು ಮುಗಿದಮೇಲೆ ಇಡೀ ಗಂಟನ್ನು ತಿರುವಿ ಹಾಕಬೇಕು. ಈ ಪ್ಲೇಟುಗಳು ಆ ಯಂತ್ರಕ್ಕೆ ಮಾಡಿದವು. ಮೊದಲ ಪ್ಲೇಟಿನ ಬೆನ್ನಿಗೆ ಇರುವುದು ಎರಡನೇ ಭಾಗವಲ್ಲ, ಎಂಟನೆಯದು. ಮಾವ ಕೊನೆಯದೆಂದು ಅಳುತ್ತಿದ್ದದ್ದು ನಟ್ಟನಡುವಿನ ಐದನೆಯದು!

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಅಂದ್ರ ಎಲ್ಲಾ ರೊಟ್ಟಿ ಒಂದೇ ಮಗ್ಗಲ ಬೇಯಿಸಿ ಒಟ್ಟಿ, ಆಮ್ಯಾಗ ಗಂಟು ಹೊಳ್ಳಿಸೋದೇನ್ರಿ? ಆ ದೊರಿಗಳ ಮನ್ಯಾಗ ಅಡಿಗಿ ಯಾರು ಮಾಡ್ತಾರ?" ಎಂದರು. ಆಮೇಲೆ ಮಾವನ ಕಡೆ ತಿರುಗಿ, "ಎರಡನೇದಕ್ಕೇ ಮುಗೀತು ಅಂತ ನಾ ಅಂದಿದ್ದಿಲ್ಲೇನ್ರಿ?" ಎಂದರು.

ಮಾವ ಎರಡು ದಿನ ಊಟ ಬಿಟ್ಟರು. ಮೂರನೇ ದಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಎಲ್ಲಿಗೆ? ತಪ್ಪು ತಿದ್ದಲಿಕ್ಕೆ! ಅಷ್ಟೂರಿಗೆ ಹೋಗಿ ಕುರಿಯ ಮುದುಕನಿಗೆ ಕೈ ಮುಗಿದು, "ನಾ ಹೇಳಿದ್ದು ತಪ್ಪಿತ್ತು" ಎಂದರು. ಅವನು, "ನೀವೇನು ಹೇಳಿದ್ರಿ?" ಎಂದ. ಭಾಲ್ಕಿಯ ಗೆಳೆಯರು, "ಪೋರನ ಲಗ್ನ ಆಗಿ ಎರಡ ಮಕ್ಕಳಾದವು, ಈಗ ಯಾಕ ಬಿಡ್ರಿ" ಎಂದರು. ಔರಾದಿನ ಹಿರಿಯರು ಅಷ್ಟರಲ್ಲಿ ನಿಜವಾಗಿಯೇ ತೀರಿಕೊಂಡಿದ್ದರು. ಮಾವ ಅವರ ಗೋರಿಯ ಮುಂದೆ ನಿಂತು ಸರಿಯಾದ ಕ್ರಮ ಹೇಳಿ ಬಂದರು. ಬೇಕಾದರೆ ನಗಿ, ನಾವೂ ನಕ್ಕೆವು.

ಉಳಿದವರು ಸಾಹೇಬರೊಬ್ಬರೇ. ಅವರ ವಿಳಾಸ ಗೊತ್ತಿರಲಿಲ್ಲ. ಮಾವ ನಾಲ್ಕು ಪುಟದ ತಿದ್ದುಪಡಿಯ ಪತ್ರ ಬರೆದು, ಪ್ಲೇಟಿನ ಪೆಟ್ಟಿಗೆಯಲ್ಲಿಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಸರಿಯಾದ ಕ್ರಮದಲ್ಲೇ ಹಚ್ಚುತ್ತಿದ್ದೆವು. ಸರಿಯಾದದ್ದು ಚೆನ್ನಾಗಿಯೇ ಇತ್ತು. ಆದರೆ ಮಾವ ಅಳಲಿಲ್ಲ.

ಐದಾರು ವರ್ಷದ ಮೇಲೆ ಒಂದು ರವಿವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಯಾರೋ ಹಿತ್ತಲ ಬಾಗಿಲು ಬಡಿದರು. ಸಾಹೇಬರು! ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅಂಗಡಿಯನ್ನು ಯಾರಿಗೋ ಕೊಟ್ಟುಬಿಡಲು ಬಂದಿದ್ದರು, ಸಂಜೆಯ ಬಸ್ಸಿಗೆ ವಾಪಸು. ಕೂತವರೇ ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು ಮಾವನ ಮುಂದಿಟ್ಟರು. ಒಳಗೆ ಎಂಟು ಜಾಲಿ ಮುಳ್ಳು.

ನಾನು ಪ್ಲೇಟುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ, ಆ ನಾಲ್ಕು ಪುಟದ ಪತ್ರವನ್ನೂ ಮೇಲೆ ಇಟ್ಟೆ. ಮೊದಲ ಮಗ್ಗುಲು ಮುಗಿಯಿತು. ಎರಡನೇ ಪ್ಲೇಟನ್ನು ಮಾವನ ಕೈಗೆ ಚಾಚಿದೆ. ಮಾವ ಅದನ್ನು ತೆಗೆದುಕೊಳ್ಳಲಿಲ್ಲ. ತಿರುಗುಮಣೆಯ ಮೇಲಿದ್ದ ಪ್ಲೇಟನ್ನೇ ಎತ್ತಿ, ಮೆಲ್ಲಗೆ ಮಗುಚಿ ಹಾಕಿದರು. ನಾನು ಬಾಯಿ ತೆರೆದೆ. ಮಾವ ನನ್ನನ್ನು ನೋಡಿದರು. ಜೀವಮಾನವಿಡೀ ಎಲ್ಲರ ಬಾಯಿ ತಿದ್ದಿದ ಮನುಷ್ಯ, ಕಣ್ಣಲ್ಲೇ ಕೈ ಮುಗಿಯುತ್ತಿದ್ದರು. ನಾನು ಕೀಲಿ ತಿರುಗಿಸಿದೆ.

ಎಂಟೂ ಮಗ್ಗುಲು ಆಯಿತು, ಹಳೆಯ ಕ್ರಮದಲ್ಲೇ. ಅವತ್ತು ನದಿಯೋ ಕುದುರೆಯೋ ಎಂದು ಯಾರೂ ಜಗಳ ಆಡಲಿಲ್ಲ. ಹಾಗಾಗಿ ಆಜಾನಿಗೆ ಇನ್ನೂ ಎಷ್ಟೋ ಹೊತ್ತಿರುವಾಗಲೇ ಮುಗಿದುಹೋಯಿತು. ಕೊನೆಯ ಮಗ್ಗುಲು ಮೆಲ್ಲಗೆ ನಿಂತಮೇಲೆ ಸಾಹೇಬರು ಸವೆದ ಎಂಟನೇ ಮುಳ್ಳನ್ನು ಬಿಚ್ಚಿ ಬೆಂಕಿಪೆಟ್ಟಿಗೆಯಲ್ಲಿಟ್ಟುಕೊಂಡರು. ಮಾವ ಅಳುತ್ತಿದ್ದರು.

ಬಸ್ಸಿನ ತನಕ ಬಿಟ್ಟುಬರಲು ನಾನು ಹೋದೆ. ಅರ್ಧ ದಾರಿಯಲ್ಲಿ ಸಾಹೇಬರು ನಿಂತರು.

"ಬೇಟಿ, ಮಾಸ್ತರಸಾಬ್‌ಗೆ ಹೇಳಬ್ಯಾಡ. ಹೈದರಾಬಾದದಾಗ ನನ್ನ ಬಲ್ಲಿ ಒಂದು ಮಶೀನ್ ರಿಪೇರಿಗಿ ಬಂದಿತ್ತು. ಪ್ಲೇಟ್ ತಾವೇ ಬೀಳತಾವ. ಇದೇ ಹಾಡು ಇತ್ತು. ಖರೇ ಕ್ರಮ ಬ್ಯಾರೆ ಅದ ಬೇಟಿ. ಇಷ್ಟು ವರ್ಷ ಅವರು ತಪ್ಪು ಹಚ್ಯಾರ. ಗೊತ್ತಾದ್ರ ಜೀವಕ್ಕ ಹಚ್ಕೋತಾರ."

"ಹಂಗಾರ ಕಡೀದೂ ಅಲ್ಲೇ ಕೇಳಿದ್ರೇನ್ರಿ?"

"ಇಲ್ಲ. ನಡುವ ನಾ ಎಂದೂ ಕೇಳದ ಒಂದು ಮಗ್ಗಲ ಬಂತು. ಮಾಸ್ತರಸಾಬ್‌ರ ಕಡೀದು ಇದೇ ಅಂತ ಗೊತ್ತಾಯ್ತು. ಸೂಜಿ ಎತ್ತಿಬಿಟ್ಟೆ. ಬಂದು ಕೇಳ್ತೀನಿ ಅಂತ ಹೇಳಿದ್ದೆನಲ್ಲ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮನೆಗೆ ಬಂದರೆ ಮಾವ ಬಾಗಿಲಲ್ಲೇ ನಿಂತಿದ್ದರು.

"ಸಾಹೇಬ್ರಿಗಿ ಏನೂ ಹೇಳಿಲ್ಲಲ್ಲ ನೀ?"

"ಇಲ್ರಿ ಮಾವ."

ಮಾವ ಆ ನಾಲ್ಕು ಪುಟದ ಪತ್ರವನ್ನು ತಂದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ಒಲೆಗೆ ಹಾಕಿ, ಆ ಉರಿಯಲ್ಲೇ ಒಂದು ರೊಟ್ಟಿ ಬೇಯಿಸಿದರು. ಒಂದು ಮಗ್ಗುಲು ಬೆಂದಮೇಲೆ ಹೊಳ್ಳಿಸಿ ಹಾಕಿದರು.